ಸಂಜೆಯ ಬಸ್ಸು ಹೋದ ಮೇಲೆ

ಕಳೆದ ಶ್ರಾವಣಮಾಸದ ಒಂದು ಸಂಜೆ ಬಹುಕಾಲದ ಪರಿಚಯದ ಸದ್ಗೃಹಸ್ಥರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗನಿಗೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ ಹುದ್ದೆ ದೊರೆತು ಜಗಳೂರಿಗೆ ನೇಮಕವಾಗಿತ್ತು. ಸಂತೋಷದ ಸುದ್ದಿಯೇ ಸರಿ. ಆದರೆ ತಂದೆಯ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿ ಕಾಣುತ್ತಿತ್ತು. "ಸೊಸೆ ಬೆಂಗಳೂರಿನಲ್ಲಿ ಬೆಳೆದವಳು, ಮೊಮ್ಮಗುವಿಗೆ ಎರಡು ವರ್ಷ. ದಾವಣಗೆರೆಯಲ್ಲಿ ಮನೆ ಮಾಡಿ ದಿನವೂ ಬಸ್ಸಿನಲ್ಲಿ ಹೋಗಿ ಬರಲಿ ಎಂದು ನಾನು ಹೇಳುತ್ತಿದ್ದೇನೆ. ಅಲ್ಲಿಯೇ ಇರುತ್ತೇನೆಂದು ಅವನು ಹೇಳುತ್ತಾನೆ. ತಾವು ಆ ಕಡೆಯ ಊರುಗಳನ್ನೆಲ್ಲ ಬಲ್ಲವರು. ತಾವು ಹೇಳಿದಂತೆ ಮಾಡುತ್ತೇವೆ" ಎಂದರು.

ನಾವು ಆ ಕ್ಷಣಕ್ಕೆ ಉತ್ತರ ಕೊಡಲಾಗಲಿಲ್ಲ. ಕಾರಣವನ್ನು ಮುಂದೆ ನಿವೇದಿಸುತ್ತೇವೆ. ಇದೇ ಪ್ರಶ್ನೆ ನಮ್ಮ ಸಮಾಜದ ಅದೆಷ್ಟೋ ಮನೆಗಳಲ್ಲಿ ಪ್ರತಿವರ್ಷವೂ ಏಳುತ್ತದೆ. ಮಕ್ಕಳು ಓದಿ ಶಿಕ್ಷಕರಾಗುತ್ತಾರೆ, ಬ್ಯಾಂಕಿಗೆ ಸೇರುತ್ತಾರೆ, ಶುಶ್ರೂಷಕಿಯರಾಗುತ್ತಾರೆ, ಕಂದಾಯ ಇಲಾಖೆಗೆ ಹೋಗುತ್ತಾರೆ. ಮೊದಲ ನೇಮಕ ಬಹುಮಟ್ಟಿಗೆ ಇಂತಹ ಸಣ್ಣ ತಾಲ್ಲೂಕು ಕೇಂದ್ರಗಳಿಗೇ ಆಗುತ್ತದೆ. ಆದುದರಿಂದ ಒಬ್ಬರಿಗೆ ಹೇಳಬೇಕಾದ ಮಾತನ್ನು ಓದುಗ ಬಂಧುಗಳೆಲ್ಲರ ಮುಂದಿಡುವುದು ಯೋಗ್ಯವೆಂದು ತೋರಿತು. ಮಠದ ಅನ್ನವನ್ನುಂಡು ಅಕ್ಷರ ಕಲಿತ ನಾವು ಉದ್ಯೋಗದ ನಿಮಿತ್ತವಾಗಿಯೂ ಪ್ರವಚನಗಳ ನಿಮಿತ್ತವಾಗಿಯೂ ಬಂಧುವರ್ಗದ ನಿಮಿತ್ತವಾಗಿಯೂ ಸುಮಾರು ನಾಲ್ವತ್ತು ವರ್ಷಗಳಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ನೀರು ಕುಡಿದವರು. ಪ್ರವಾಸಿಗರಾಗಿ ನೋಡಿದವರ ಮಾತಲ್ಲ ಇದು. ಬಾಡಿಗೆ ಕೊಟ್ಟು, ಹಾಲು ಕೊಂಡು, ಬಸ್ಸಿಗೆ ಕಾದು ನಿಂತವರ ಮಾತು.

ಮೊದಲು ಈ ಊರುಗಳ ಇರವನ್ನು ತಿಳಿಯಬೇಕು. ಇಂದು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿವೆ. ಆದರೆ ಈ ಜಿಲ್ಲೆ ರಚಿತವಾದುದು ೧೯೯೭ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯಂತೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು ೨೦೧೮ರಲ್ಲಿ ತಾನೇ ತಾಲ್ಲೂಕಾಯಿತು. ಕಾಗದಪತ್ರಗಳು ದಾವಣಗೆರೆಗೆ ಹೋಗತೊಡಗಿ ಕಾಲು ಶತಮಾನ ಕಳೆದರೂ ಹೊನ್ನಾಳಿ ನ್ಯಾಮತಿಗಳ ಜನ ಬಟ್ಟೆಬರೆಗೆ, ವೈದ್ಯರಿಗೆ, ಬೀಗತನಕ್ಕೆ ಶಿವಮೊಗ್ಗದ ದಾರಿಯನ್ನು ಬಿಟ್ಟಿಲ್ಲ. ಜಗಳೂರಿನವರಿಗೆ ದಾವಣಗೆರೆಯಷ್ಟೇ ಚಿತ್ರದುರ್ಗವೂ ಹತ್ತಿರ. ಹೊಸದಾಗಿ ಬರುವವರು ಇದನ್ನು ಅರಿತಿರಬೇಕು. ಭೂಪಟದಲ್ಲಿ ಒಂದೇ ಜಿಲ್ಲೆಯಾದರೂ ನಾಲ್ಕು ಊರುಗಳ ಮುಖ ನಾಲ್ಕು ದಿಕ್ಕಿಗಿದೆ.

ನಾಲ್ಕರಲ್ಲಿ ಯಾವ ಊರಿಗೂ ರೈಲಿನ ಭಾಗ್ಯವಿಲ್ಲ. ಬಸ್ಸೇ ಗತಿ, ಬಸ್ಸೇ ಗಡಿಯಾರ. ನ್ಯಾಮತಿಯಿಂದ ಶಿವಮೊಗ್ಗ ಒಂದು ಗಂಟೆಯೊಳಗಿನ ಹಾದಿ. ಹೊನ್ನಾಳಿಯಿಂದ ಶಿವಮೊಗ್ಗಕ್ಕಾಗಲಿ ದಾವಣಗೆರೆಗಾಗಲಿ, ಚನ್ನಗಿರಿಯಿಂದ ಶಿವಮೊಗ್ಗಕ್ಕಾಗಲಿ, ಜಗಳೂರಿನಿಂದ ದಾವಣಗೆರೆಗಾಗಲಿ ಒಂದು ಗಂಟೆಯ ಮೇಲೆ ಸ್ವಲ್ಪ ಕಾಲ ಹಿಡಿದೀತು. ಬೆಳಗಿನ ಏಳು ಗಂಟೆಗೆ ನಿಲ್ದಾಣದಲ್ಲಿ ನಿಂತರೆ ಕಾಲೇಜಿನ ಹುಡುಗ ಹುಡುಗಿಯರು, ಅಂಗಡಿಗಳಲ್ಲಿ ದುಡಿಯುವವರು, ಆಸ್ಪತ್ರೆಗೆ ಹೊರಟ ವೃದ್ಧರು ಊರಿನಿಂದ ಹೊರಡುವುದನ್ನು ಕಾಣಬಹುದು. ಎರಡು ಗಂಟೆ ಕಳೆದರೆ ಅದೇ ನಿಲ್ದಾಣದಲ್ಲಿ ಇನ್ನೊಂದು ಬಗೆಯ ಜನ ಬಂದಿಳಿಯುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಚೀಲ. ಶಿಕ್ಷಕರು, ಗುಮಾಸ್ತರು, ಎಂಜಿನಿಯರರು, ಅಧಿಕಾರಿಗಳು. ಸಂಜೆ ಐದೂವರೆಗೆ ಇವರು ಹೊರಡುತ್ತಾರೆ, ಆರೂವರೆಗೆ ಅವರು ಮರಳುತ್ತಾರೆ. ದಾರಿಯಲ್ಲಿ ಒಂದು ಬಸ್ಸು ಮತ್ತೊಂದನ್ನು ದಾಟುತ್ತದೆ.

ದೂರದ ಬ್ರೆಜಿಲ್ ದೇಶದಲ್ಲಿ ಮಹಾನಗರಗಳ ಸುತ್ತಲಿನ ಶಾಂತವಾದ ಊರುಗಳನ್ನು 'ಮಲಗುವ ಕೋಣೆಯ ಊರು' ಎಂಬ ಅರ್ಥ ಬರುವ ಪೋರ್ಚುಗೀಸ್ ಮಾತಿನಿಂದ ಕರೆಯುವ ರೂಢಿಯುಂಟು. ಹಗಲೆಲ್ಲ ನಗರದಲ್ಲಿ ದುಡಿದು ರಾತ್ರಿ ನಿದ್ರೆಗೆ ಮಾತ್ರ ಊರಿಗೆ ಮರಳುವವರು ಅಲ್ಲಿ ಬಹಳವಂತೆ. ನಮ್ಮ ಈ ತಾಲ್ಲೂಕು ಊರುಗಳಲ್ಲಿ ಅದೂ ಉಂಟು, ಅದರ ತಿರುಗು ಮುರುಗೂ ಉಂಟು. ಊರಿನ ಮಗ ನಗರದಲ್ಲಿ ದುಡಿದು ಊರಿನಲ್ಲಿ ಮಲಗುತ್ತಾನೆ. ಊರಿಗೆ ಅಕ್ಷರವನ್ನೂ ಔಷಧವನ್ನೂ ನ್ಯಾಯವನ್ನೂ ಕೊಡಬೇಕಾದವರು ಊರಿನಲ್ಲಿ ದುಡಿದು ನಗರದಲ್ಲಿ ಮಲಗುತ್ತಾರೆ. ಇದರಿಂದ ಊರಿಗಾಗುವ ನಷ್ಟ ಹಗಲಿನಲ್ಲಿ ಕಾಣುವುದಿಲ್ಲ. ಸಂಜೆಯ ಬಸ್ಸು ಹೋದ ಮೇಲೆ ಕಾಣುತ್ತದೆ.

ಈಗ ಒಂದೊಂದೇ ಊರಿಗೆ ಬರೋಣ.

ಚನ್ನಗಿರಿಗೆ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಊರ ಮೇಲಿನ ಬೆಟ್ಟ ಮತ್ತು ಕೋಟೆ. ಕೆಳದಿಯ ರಾಣಿ ಚೆನ್ನಮ್ಮಾಜಿಯ ನೆನಪಿನಿಂದ ಊರಿಗೆ ಈ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಕೋಟೆಯೊಳಗೆ ರಂಗನಾಥಸ್ವಾಮಿಯ ಗುಡಿಯಿದೆ. ಬೆಳಗಿನ ಹೊತ್ತು ಬೆಟ್ಟ ಹತ್ತುವ ಅಭ್ಯಾಸವಿಟ್ಟುಕೊಂಡ ಹೊಸಬರಿಗೆ ಒಂದೇ ತಿಂಗಳಲ್ಲಿ ಹತ್ತು ಜನರ ಪರಿಚಯವಾಗುತ್ತದೆಂಬುದು ನಮ್ಮ ಅನುಭವ. ಆದರೆ ಚನ್ನಗಿರಿಯ ಪ್ರಾಣ ಕೋಟೆಯಲ್ಲಿಲ್ಲ, ಅಡಿಕೆಯಲ್ಲಿದೆ. ಮಳೆಗಾಲದ ಕೊನೆಯಿಂದ ಆರಂಭವಾಗುವ ಕೊಯ್ಲು ಚಳಿಗಾಲದವರೆಗೂ ನಡೆಯುತ್ತದೆ. ಆ ದಿನಗಳಲ್ಲಿ ಅಡಿಕೆ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸಗಳ ಹೊರತು ಬೇರೆ ಮಾತಿಲ್ಲ. ಅಂಗಳ, ಮಾಳಿಗೆ, ರಸ್ತೆಯ ಅಂಚು ಎಲ್ಲವೂ ಕೆಂಪು. ಬೇಯಿಸಿದ ಅಡಿಕೆಯ ಚೊಗರಿನ ವಾಸನೆ ಹೊಸಬರಿಗೆ ಮೊದಲ ವರ್ಷ ತಲೆನೋವು ತರಿಸುತ್ತದೆ, ಮೂರನೆಯ ವರ್ಷ ಅದಿಲ್ಲದಿದ್ದರೆ ಏನೋ ಕಳೆದಂತಾಗುತ್ತದೆ. ಬಾಡಿಗೆಯ ಕರಾರಿನಲ್ಲಿ ಮಾಳಿಗೆ ಯಾರದೆಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಹಕ್ಕು ನಿಮ್ಮದಾದರೂ ಕೊಯ್ಲಿನ ಕಾಲದಲ್ಲಿ ಅದು ಅಡಿಕೆಯದೇ.

ಈ ತಾಲ್ಲೂಕಿನಲ್ಲಿ ನೀರಿನ ಕಥೆ ಎರಡು ಬಗೆ. ಭದ್ರಾ ಬಲದಂಡೆಯ ನಾಲೆ ಹರಿಯುವೆಡೆ ಹಸಿರು, ಕೊಳವೆಬಾವಿಯನ್ನೇ ನಂಬಿದೆಡೆ ಆತಂಕ. ಮಳೆ ಕೈಕೊಟ್ಟ ವರ್ಷಗಳಲ್ಲಿ ತೋಟ ಉಳಿಸಿಕೊಳ್ಳಲು ರೈತರು ಟ್ಯಾಂಕರುಗಳಲ್ಲಿ ನೀರು ಹೊತ್ತು ತಂದುದನ್ನು ನಾವು ಕಂಡಿದ್ದೇವೆ. ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾದ ಸೂಳೆಕೆರೆ, ಅಂದರೆ ಶಾಂತಿಸಾಗರ, ಈ ತಾಲ್ಲೂಕಿನದೇ. ಅರಸುಮಗಳು ಶಾಂತವ್ವೆ ಕಟ್ಟಿಸಿದಳೆಂಬ ಕಥೆಯುಳ್ಳ ಈ ಕೆರೆಯಿಂದ ಸಿದ್ಧನಾಲೆ, ಬಸವನಾಲೆಗಳು ಗದ್ದೆಗಳಿಗೆ ಹರಿಯುತ್ತವೆ. ಭಾನುವಾರ ಮಕ್ಕಳನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಸಂತೇಬೆನ್ನೂರಿನಲ್ಲಿ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿ, ಅದರ ನಡುವಿನ ವಸಂತಮಂಟಪ, ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ ಇವೆ. ಹೆಸರೇ ಹೇಳುವಂತೆ ಅದು ದಾರಿಹೋಕರು ತಂಗುವ ಮನೆ. ಹೊಸಬರಿಗೆ ತಂಗಲು ಎಡೆ ಕೊಡಬೇಕೆಂಬ ವಿವೇಕ ಈ ನೆಲಕ್ಕೆ ಹೊಸದೇನೂ ಅಲ್ಲ. ಪಾಂಡೋಮಟ್ಟಿಯ ವಿರಕ್ತಮಠ ಇದೇ ತಾಲ್ಲೂಕಿನಲ್ಲಿದೆ. ೧೯೬೭ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದ, ದಾವಣಗೆರೆ ಜಿಲ್ಲೆ ರಚನೆಯಾದಾಗ ಮುಖ್ಯಮಂತ್ರಿಗಳಾಗಿದ್ದ ಜೆ.ಎಚ್. ಪಟೇಲರು ಇದೇ ತಾಲ್ಲೂಕಿನ ಕಾರಿಗನೂರಿನವರು.

ಹೊನ್ನಾಳಿ ನದಿಯ ಊರು. ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ತುಂಗಭದ್ರೆಯಾಗಿ ಈ ಊರನ್ನು ತೊಳೆದು ಹರಿಹರದ ಕಡೆಗೆ ಹರಿಯುತ್ತವೆ. ಹಿರೇಕಲ್ಮಠದ ಚನ್ನಪ್ಪಸ್ವಾಮಿಗಳ ಗದ್ದುಗೆಗೆ ನಡೆದುಕೊಳ್ಳುವ ಭಕ್ತರೂ, ಎರಡನೆಯ ಮಂತ್ರಾಲಯವೆಂದು ಹೆಸರಾದ ರಾಘವೇಂದ್ರಸ್ವಾಮಿಗಳ ಮಠಕ್ಕೆ ಬರುವ ಭಕ್ತರೂ ಇಲ್ಲಿ ಒಂದೇ ನಿಲ್ದಾಣದಲ್ಲಿಳಿದು ಒಂದೇ ಅಂಗಡಿಯಲ್ಲಿ ಹೂ ಕಾಯಿ ಕೊಳ್ಳುತ್ತಾರೆ. ಹೊಸದಾಗಿ ಮನೆ ನೋಡುವವರಿಗೆ ನಮ್ಮ ಒಂದು ಮಾತು. ಬೇಸಿಗೆಯಲ್ಲಿ ನದಿದಂಡೆಯ ಮನೆ ಬಹಳ ಸೊಗಸಾಗಿ ಕಾಣುತ್ತದೆ. ಮುಂಗಡ ಕೊಡುವ ಮುನ್ನ ಅಕ್ಕಪಕ್ಕದ ಅಜ್ಜಿಯೊಬ್ಬರನ್ನು, ಹೊಳೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿರಿ. ಮಲೆನಾಡಿನಲ್ಲಿ ಮಳೆ ಬಲವಾಗಿ ತುಂಗಾ, ಭದ್ರಾ ಜಲಾಶಯಗಳಿಂದ ನೀರು ಬಿಟ್ಟಾಗ ಬಾಲರಾಜ ಘಾಟ್‌ನಂತಹ ತಗ್ಗು ಬೀದಿಗಳ ಜನ ಸಾಮಾನು ಹೊತ್ತು ಮೇಲಕ್ಕೆ ಬರಬೇಕಾಗುತ್ತದೆ. ಅಲ್ಲಿಯ ಅಜ್ಜಿಯರು ಗೋಡೆಯ ಮೇಲೆ ಬೆರಳಿಟ್ಟು ಗುರುತು ತೋರಿಸುತ್ತಾರೆ. ಆ ಗುರುತು ಯಾವ ಕರಾರುಪತ್ರದಲ್ಲೂ ಇರುವುದಿಲ್ಲ.

ನ್ಯಾಮತಿ ನಾಲ್ಕರಲ್ಲಿ ಕಿರಿಯ ತಾಲ್ಲೂಕು. ತಾಲ್ಲೂಕಾದಾಗಿನಿಂದ ಕಚೇರಿಗಳು ಬಂದವು, ಕಚೇರಿಗಳೊಡನೆ ನೌಕರರು ಬಂದರು, ನೌಕರರೊಡನೆ ಬಾಡಿಗೆಯೂ ಏರಿತು. ಆದರೂ ಊರಿನ ನಡೆ ಹಳೆಯದೇ. ಮೆಕ್ಕೆಜೋಳದ ಕಾಲದಲ್ಲಿ ಕಣದಲ್ಲಿ ಜಾಗ ಸಾಲದೆ ರಸ್ತೆಯ ಮೇಲೆಯೇ ಕಾಳು ಹರಡುತ್ತಾರೆ, ವಾಹನಗಳು ಬದಿಗೆ ಸರಿದು ಹೋಗುತ್ತವೆ. ಸುತ್ತಮುತ್ತ ಬಂಜಾರ ತಾಂಡಾಗಳು ಬಹಳ. ಅವರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲಿಯೇ ಇದೆ. ಫೆಬ್ರವರಿ ತಿಂಗಳಲ್ಲಿ ಜಯಂತಿಯ ಸಮಯಕ್ಕೆ ಮಾಲಾಧಾರಿಗಳಾದ ಭಕ್ತರು ನೂರಾರು ಮೈಲಿಗಳಿಂದ ನಡೆದು ಬರುತ್ತಾರೆ. ಆ ದಿನಗಳಲ್ಲಿ ದಾರಿಯ ಬದಿಯ ಮನೆಯವರು ಜಾತಿ ಕೇಳದೆ ಮಜ್ಜಿಗೆ ಪಾನಕ ಕೊಡುವುದನ್ನು ಕಂಡಾಗ ದಾಸೋಹವೆಂಬ ಶಬ್ದ ಪುಸ್ತಕದಿಂದೆದ್ದು ಬೀದಿಗೆ ಬಂದಂತೆ ನಮಗೆ ಅನಿಸಿತ್ತು. ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರವೂ ಇಲ್ಲಿಗೆ ಸಮೀಪವೇ.

ಜಗಳೂರಿನ ಹೆಸರು ಕೇಳಿದೊಡನೆಯೇ ಬರ ಎಂಬ ಮಾತು ಜನರ ಬಾಯಿಗೆ ಬರುತ್ತದೆ. ಅದು ಸುಳ್ಳಲ್ಲ. ಮಳೆಯ ನೆರಳಿನ ನಾಡು, ಕಲ್ಲುಭೂಮಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಆದುದರಿಂದ ಹೊಸಬರು ಮೊದಲ ದಿನವೇ ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಿದೆಯೆಂದು ತಿಳಿದುಕೊಳ್ಳಬೇಕು. ಅಡುಗೆಗೂ ಕುಡಿಯಲೂ ಆ ನೀರನ್ನೇ ಬಳಸಬೇಕು. ಅದರಲ್ಲಿಯೂ ಎಳೆಯ ಮಕ್ಕಳಿದ್ದ ಮನೆಯಲ್ಲಿ ಇದನ್ನು ಅಲಕ್ಷಿಸಬಾರದು. ಆದರೆ ಜಗಳೂರೆಂದರೆ ಬರವಷ್ಟೇ ಅಲ್ಲ. ಸಿರಿಗೆರೆಯ ತರಳಬಾಳು ಹುಣ್ಣಿಮೆ ಮಹೋತ್ಸವ ಮೊತ್ತಮೊದಲು ನಡೆದುದು ೧೯೫೦ರಲ್ಲಿ ಇದೇ ಜಗಳೂರಿನಲ್ಲಿ. ೨೦೧೮ರಲ್ಲಿ ಅದು ಮತ್ತೆ ಇಲ್ಲಿ ನೆರವೇರಿತು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಸೀಮೆಯ ೫೭ ಕೆರೆಗಳನ್ನು ತುಂಬಿಸುವ ಯೋಜನೆ ಸಿರಿಗೆರೆಯ ಜಗದ್ಗುರುಗಳ ಆಸ್ಥೆಯಿಂದ ಕೈಗೂಡಿ, ಒಣಗಿ ಬಿರಿದಿದ್ದ ಕೆರೆಗಳಿಗೆ ಹೊಳೆಯ ನೀರು ಬಂದಿದೆ. ರಂಗಯ್ಯನದುರ್ಗದ ಕಾಡನ್ನು ನಾಲ್ಕು ಕೊಂಬಿನ ಕೊಂಡುಕುರಿಗಾಗಿ ೨೦೧೧ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ನೀರು ಕಡಿಮೆಯಿರುವ ಊರಿನಲ್ಲಿ ಅತಿಥಿಗೆ ಮೊದಲು ಕೊಡುವುದು ನೀರಿನ ಚೆಂಬನ್ನೇ. ಆ ಚೆಂಬಿನ ಬೆಲೆಯನ್ನು ನಾವು ಜಗಳೂರಿನಲ್ಲಿ ಕಲಿತೆವು.

ಇನ್ನು ದಿನನಿತ್ಯದ ಸಂಸಾರದ ಮಾತು. ತಾಯಂದಿರು ಕೇಳುವುದು ಇದನ್ನೇ ಎಂದು ಬಲ್ಲೆವು. ಚನ್ನಗಿರಿ, ಹೊನ್ನಾಳಿ, ಜಗಳೂರು ೨೦೧೧ರ ಜನಗಣತಿಯಂತೆ ಇಪ್ಪತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರುಗಳು. ಬೇಕಾದ ದಿನಸಿ, ತರಕಾರಿ, ಹಾಲು, ಬಟ್ಟೆ ಎಲ್ಲವೂ ದೊರೆಯುತ್ತವೆ. ಸಂತೆಯ ದಿನ ಸಂಜೆಗೆ ಹೋದರೆ ಅಗ್ಗವಾಗಿಯೂ ದೊರೆಯುತ್ತವೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ನಾಲ್ಕೂ ಊರುಗಳಿಗೆ ಸಮಾನ. ಊಟದಲ್ಲಿ ಮಾತ್ರ ಭೇದವುಂಟು. ಹೊನ್ನಾಳಿ ನ್ಯಾಮತಿಗಳ ಕಡೆ ಅನ್ನದ ಪಾಲು ಹೆಚ್ಚು, ಜಗಳೂರಿನ ಕಡೆ ಜೋಳದ ರೊಟ್ಟಿ, ರಾಗಿಮುದ್ದೆಗಳಿಗೆ ಅಗ್ರಸ್ಥಾನ. ಪಕ್ಕದ ಮನೆಯವರು ಹಬ್ಬಕ್ಕೆ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮ ನಾಲ್ಕು ಊರುಗಳಲ್ಲೂ ಒಂದೇ. ನಾಲ್ಕು ಕಾಳು ಸಕ್ಕರೆಯಾದರೂ ಇರಲಿ.

ಬಸ್ಸಿನ ವಿಷಯದಲ್ಲಿ ಒಂದು ವಿವರ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವಿಲ್ಲ. ಆದರೆ ಈ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟವೇ ಬಹಳ, ಅವುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ದಿನವೂ ಓಡಾಡುವ ಹೆಣ್ಣುಮಕ್ಕಳು ಸರ್ಕಾರಿ ಬಸ್ಸು ಯಾವ ಹೊತ್ತಿಗೆಂದು ಮೊದಲೇ ಗೊತ್ತುಮಾಡಿಕೊಂಡರೆ ತಿಂಗಳ ಕೊನೆಗೆ ಉಳಿತಾಯ ಕಂಡುಬರುತ್ತದೆ. ರೋಗರುಜಿನಗಳಿಗೆ ಪ್ರತಿ ತಾಲ್ಲೂಕಿನಲ್ಲೂ ಸರ್ಕಾರಿ ಆಸ್ಪತ್ರೆಯ ಸೌಲಭ್ಯವುಂಟು. ಗಂಭೀರವಾದುದಕ್ಕೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ರಾತ್ರಿ ಹತ್ತರ ಮೇಲೆ ಬಸ್ಸು ಅಪರೂಪ. ಆಗ ೧೦೮ರ ವಾಹನವನ್ನು ಕರೆಯಬೇಕು, ಜೊತೆಗೆ ನೆರೆಮನೆಯ ಬಾಗಿಲನ್ನೂ ತಟ್ಟಬೇಕು. ಆ ಬಾಗಿಲನ್ನು ಮೊದಲ ಬಾರಿಗೆ ತಟ್ಟುವುದು ಅಂತಹ ರಾತ್ರಿಯಲ್ಲೇ ಆಗಬಾರದು. ಹಗಲಿನಲ್ಲಿ ಒಮ್ಮೆಯಾದರೂ ತಟ್ಟಿರಬೇಕು.

ಬಾಗಿಲಿನ ಮಾತು ಬಂದುದರಿಂದ ಒಂದು ಕಹಿಯಾದ ಸಂಗತಿಯನ್ನೂ ಹೇಳಲೇಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ಈ ನಾಲ್ಕರಲ್ಲಿ ಒಂದು ಊರಿನಲ್ಲಿ, ಹೊಸದಾಗಿ ಬಂದ ಯುವ ಉಪನ್ಯಾಸಕನಿಗೆ ಮನೆ ತೋರಿಸಲು ನಾವೇ ಜೊತೆಯಲ್ಲಿ ಹೋಗಿದ್ದೆವು. ಮನೆಯ ಯಜಮಾನರು ನಮಗೆ ಪರಿಚಿತರು, ಹಣೆಯ ತುಂಬ ವಿಭೂತಿ, ಗೋಡೆಯ ಮೇಲೆ ಬಸವಣ್ಣನವರ ಚಿತ್ರ. ಹುಡುಗನ ಹೆಸರು ಕೇಳಿದರು. ಊರು ಕೇಳಿದರು. ತಂದೆಯ ಹೆಸರು ಕೇಳಿದರು. ಅಷ್ಟಕ್ಕೂ ತಿಳಿಯದಿದ್ದಾಗ ನೇರವಾಗಿಯೇ "ಯಾವ ಜನ?" ಎಂದರು. ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದನು. ಯಜಮಾನರು ಒಳಗೆ ಹೋಗಿ ಬಂದು, ತಮ್ಮನೊಬ್ಬ ಬರುವವನಿದ್ದಾನೆ, ಮನೆ ಅವನಿಗೇ ಬೇಕು ಎಂದರು. ನಾವು ಆ ಕ್ಷಣದಲ್ಲಿ ಗಟ್ಟಿಯಾಗಿ ಮಾತನಾಡಬೇಕಾಗಿತ್ತು. ಪರಿಚಯದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸುಮ್ಮನಾದೆವು. ಬೀದಿಗೆ ಬಂದ ಮೇಲೆ ಆ ಯುವಕನೇ ನಕ್ಕು, "ಇರಲಿ ಸ್ವಾಮಿ, ಸಂಜೆಗೆ ಬಸ್ಸಿದೆಯಲ್ಲ" ಎಂದನು. ಆತನು ಮುಂದೆ ಆ ಊರಿನಲ್ಲಿ ಕೆಲಸ ಮಾಡಿದಷ್ಟೂ ವರ್ಷ ಬಸ್ಸಿನಲ್ಲಿಯೇ ಓಡಾಡಿದನು.

ಸಂಜೆಯ ಬಸ್ಸು ಹತ್ತುವವರೆಲ್ಲರೂ ನಗರದ ಸುಖಕ್ಕಾಗಿಯೇ ಹತ್ತುತ್ತಾರೆಂದು ತಿಳಿಯಬಾರದೆಂಬುದನ್ನು ನಾವು ಅಂದು ಅರಿತೆವು. ಕೆಲವರನ್ನು ಊರೇ ಬಸ್ಸಿಗೆ ಹತ್ತಿಸುತ್ತದೆ. ಮನೆ ಬಾಡಿಗೆಗೆ ಕೊಡುವ ನಮ್ಮ ಸಮಾಜದ ಬಂಧುಗಳು ಈ ಊರುಗಳಲ್ಲಿ ಅನೇಕರಿದ್ದಾರೆ. ಬಾಡಿಗೆ ಸರಿಯಾಗಿ ಕೊಡುವನೇ, ನೀರನ್ನು ಮಿತವಾಗಿ ಬಳಸುವನೇ ಎಂದು ಕೇಳುವುದು ನ್ಯಾಯ. ಹುಟ್ಟನ್ನು ಕೇಳುವುದು, ಬಸವಣ್ಣನವರ ಚಿತ್ರವನ್ನು ಗೋಡೆಗೆ ತೂಗುಹಾಕಿದವರಿಗೆ ಶೋಭಿಸುವುದಿಲ್ಲ. ಕಾಯಕ ಮಾಡಲು ಬಂದವನಿಗೆ ಸೂರು ಕೊಡದ ಊರು ಕಾಯಕದ ಮಾತನಾಡಬಾರದು. ಅಂದು ಸುಮ್ಮನಿದ್ದ ನಮಗೂ ಈ ಮಾತು ಸೇರಿದೆ.

ಈಗ ಮೊದಲು ಹೇಳದೆ ಬಿಟ್ಟ ಕಾರಣಕ್ಕೆ ಬರುತ್ತೇವೆ. ೧೯೮೦ರ ದಶಕದ ಕೊನೆಯಲ್ಲಿ ನಾವೂ ಇವುಗಳಲ್ಲೊಂದು ಊರಿನಲ್ಲಿ ಶಿಕ್ಷಕರಾಗಿದ್ದೆವು. ನಗರದಲ್ಲಿ ಗ್ರಂಥಾಲಯವಿದೆ, ವಿದ್ವಾಂಸರ ಸಹವಾಸವಿದೆ ಎಂಬ ನೆವದಿಂದ ನಾಲ್ಕು ವರ್ಷ ಐದೂವರೆಯ ಬಸ್ಸನ್ನು ಒಂದು ದಿನವೂ ತಪ್ಪಿಸಲಿಲ್ಲ. ಪಾಠದಲ್ಲಿ ಲೋಪ ಮಾಡಿದವರಲ್ಲ. ಗಂಟೆ ಹೊಡೆಯುವವರೆಗೂ ಶ್ರದ್ಧೆಯಿಂದ ಕಲಿಸಿದೆವು. ಹತ್ತನೆಯ ತರಗತಿಯಲ್ಲಿ ತಂದೆಯಿಲ್ಲದ ಹುಡುಗನೊಬ್ಬನಿದ್ದನು. ವ್ಯಾಕರಣದಲ್ಲಿ ಚುರುಕು. ಪರೀಕ್ಷೆಯ ಶುಲ್ಕ ಕಟ್ಟಲು ಮರುದಿನವೇ ಕಡೆಯ ದಿನವೆಂಬಾಗ ತಾಯಿಮಗ ಇಬ್ಬರೂ ಕೂಲಿ ಮುಗಿಸಿಕೊಂಡು ಸಂಜೆ ಆರು ಗಂಟೆಗೆ ನಮ್ಮನ್ನು ಹುಡುಕಿಕೊಂಡು ಶಾಲೆಗೆ ಬಂದರಂತೆ. ಸ್ವಲ್ಪ ಹಣ ಕಡ, ಒಂದು ಸಹಿ, ಇಷ್ಟೇ ಅವರಿಗೆ ಬೇಕಾಗಿದ್ದುದು. ಮೇಷ್ಟ್ರು ಬಸ್ಸಿಗೆ ಹೋದರೆಂದು ಜವಾನ ಹೇಳಿದನು. ಮರುದಿನ ನಾವು ನಗರದಲ್ಲಿ ವಿಚಾರಗೋಷ್ಠಿಯೊಂದರ ನಿಮಿತ್ತ ರಜೆ ಹಾಕಿದ್ದೆವು. ಹುಡುಗ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ, ಮರುವರ್ಷ ಶಾಲೆಯ ಕಡೆ ಬರಲೂ ಇಲ್ಲ.

ಹದಿನೈದು ವರ್ಷಗಳ ನಂತರ ಒಂದು ಮನೆಯ ಗೃಹಪ್ರವೇಶದಲ್ಲಿ ಗಾರೆಯವನೊಬ್ಬ ಬಂದು ಕಾಲಿಗೆರಗಿದನು. ಗುರುತು ಹಿಡಿದೆವು. ಈ ವಿಷಯವೆಲ್ಲ ನಮಗೆ ತಿಳಿದುದು ಅಂದೇ. ಅವನು ದೂರಲಿಲ್ಲ. "ಏನ್ ಮಾಡಕಾಗ್ತದೆ ಸಾರ್, ನೀವು ಊರಾಗ ಇರ್ಲಿಲ್ಲ" ಎಂದಷ್ಟೇ ಹೇಳಿ ಊಟದ ಸಾಲಿಗೆ ಹೋದನು. ಗೋಷ್ಠಿಯಲ್ಲಿ ನಾವು ಅಂದು ಓದಿದ ಪ್ರಬಂಧದ ವಿಷಯ ಯಾವುದೆಂಬುದು ಕೂಡ ಈಗ ನಮಗೆ ನೆನಪಿಲ್ಲ. ಆ ಮಾತು ಮಾತ್ರ ಉಳಿದಿದೆ.

ಆದುದರಿಂದ ಎಲ್ಲರೂ ಕೆಲಸದ ಊರಿನಲ್ಲಿಯೇ ಬಿಡಾರ ಹೂಡಬೇಕೆಂದು ಅಪ್ಪಣೆ ಕೊಡಿಸುವ ಅಧಿಕಾರ ನಮಗಿಲ್ಲ. ಸಂಸಾರಗಳ ಕಷ್ಟ ನಾನಾ ಬಗೆ. ಹೆಂಡತಿಯ ಉದ್ಯೋಗ ಬೇರೆ ಊರಿನಲ್ಲಿರಬಹುದು, ವೃದ್ಧ ತಾಯಿತಂದೆಗಳ ಚಿಕಿತ್ಸೆ ನಗರದಲ್ಲಿ ನಡೆಯುತ್ತಿರಬಹುದು, ಮಕ್ಕಳ ಓದು ನಡುವಿನಲ್ಲಿರಬಹುದು. ಹಾಗಿದ್ದವರು ಓಡಾಡಲಿ, ತಪ್ಪಿಲ್ಲ. ಆದರೆ ವಾರದಲ್ಲಿ ಒಂದು ದಿನ ಐದೂವರೆಯ ಬಸ್ಸನ್ನು ಬಿಟ್ಟು ಏಳೂವರೆಯದನ್ನು ಹಿಡಿಯಲಿ. ಆ ಎರಡು ಗಂಟೆ ಯಾವ ದಿನವೆಂಬುದು ಊರಿಗೆ ತಿಳಿದಿರಲಿ. ಶಿಕ್ಷಕನಾದರೆ ಮಕ್ಕಳು ಬರುತ್ತಾರೆ, ಬ್ಯಾಂಕಿನವನಾದರೆ ಅರ್ಜಿ ತುಂಬಿಸಿಕೊಳ್ಳಲು ಬರುತ್ತಾರೆ, ಶುಶ್ರೂಷಕಿಯಾದರೆ ಬಾಣಂತಿಯ ತಾಯಿ ಬರುತ್ತಾಳೆ. ಹಗಲಿನಲ್ಲಿ ಕೂಲಿಗೆ ಹೋಗುವವರು ಕಚೇರಿಯ ವೇಳೆಯಲ್ಲಿ ಬರಲಾರರು. ಅವರ ಕಷ್ಟಗಳಿಗೆ ಬಿಡುವು ದೊರೆಯುವುದು ಸಂಜೆಯಲ್ಲಿಯೇ. ನೌಕರನ ಕಾಯಕ ಐದೂವರೆಗೆ ಮುಗಿದಿರಬಹುದು, ದಾಸೋಹದ ವೇಳೆ ಆರಂಭವಾಗುವುದು ಆಗ.

ನಮ್ಮ ಬಳಿ ಬಂದ ಗೃಹಸ್ಥರಿಗೆ ಮೂರು ದಿನಗಳ ಮೇಲೆ ಪತ್ರ ಬರೆದು ಇಷ್ಟನ್ನೂ ತಿಳಿಸಿದೆವು. ನಿಮ್ಮ ಮಗ ಹೇಳುವುದರಲ್ಲಿ ಅರ್ಥವಿದೆ, ಆದರೆ ಸೊಸೆಯನ್ನೂ ಕೇಳಿರಿ, ಒಂದು ವರ್ಷ ನೋಡಲಿ ಎಂದೆವು. ಕಾರ್ತಿಕದಲ್ಲಿ ಅವರು ದೂರವಾಣಿ ಮಾಡಿದ್ದರು. ಜಗಳೂರಿನಲ್ಲಿಯೇ ಮನೆ ಹಿಡಿದಿದ್ದಾರೆ. ಬೇಕಾದಾಗ ಹೊರಡಲು ಅನುಕೂಲವಾಗಲೆಂದು ಸೊಸೆ ಬಸ್ ನಿಲ್ದಾಣದ ಹತ್ತಿರವೇ ಮನೆ ಬೇಕೆಂದಳಂತೆ. ಆಕೆಗೆ ಊರು ಇನ್ನೂ ಒಗ್ಗಿಲ್ಲ, ಭಾನುವಾರ ಬಂದರೆ ದಾವಣಗೆರೆಗೆ ಹೊರಡುತ್ತಾಳೆ. ಆದರೆ ವಾರದಲ್ಲಿ ಮೂರು ಸಂಜೆ ಪಡಸಾಲೆಯಲ್ಲಿ ಏಳೆಂಟು ಮಕ್ಕಳು ಲೆಕ್ಕ ಕಲಿಯಲು ಬರುತ್ತಾರಂತೆ. ಮೊದಲ ತಿಂಗಳು ಕುಡಿಯುವ ನೀರಿನ ಕ್ಯಾನನ್ನು ಘಟಕದಿಂದ ಗಂಡನೇ ಹೊತ್ತು ತರುತ್ತಿದ್ದನಂತೆ. ಈಗ ಆ ಮಕ್ಕಳೇ ಬರುವಾಗ ತುಂಬಿಕೊಂಡು ಬರುತ್ತಾರೆ ಎಂದು ಅವರು ಹೇಳಿದರು.